ರಸಬಾಳೆಯ ಸುಳಿಯಲ್ಲಿ ಬಯೋಟೆಕ್ ಪಾಠ

‘ಕೈ ಒಳಗಿಡ್ಬೇಡಿ ಸರ್, ಕಂಟ್ಯಾಮಿನೇಷನ್ ಆಗುತ್ತೆ!’ ಮೈಸೂರು ಸೀಮೆಯ ಪದವಿ ಕಾಲೇಜೊಂದರ ಅಂಗಾಂಶ ಕೃಷಿ ಪ್ರಯೋಗಾಲಯದಲ್ಲಿ ಬಿ.ಎಸ್ಸಿ. ಬಯೋಟೆಕ್ನಾಲಜಿ ಓದುವ ಹುಡುಗಿ ನನ್ನನ್ನು ತಡೆದಳು. ಲ್ಯಾಮಿನಾರ್ ಏರ್‌ಫ್ಲೋ ಮುಂದೆ ಕೂತು ನಂಜನಗೂಡು ರಸಬಾಳೆಯ ಕಂದನ್ನು ಪದರ ಪದರವಾಗಿ ಬಿಡಿಸುತ್ತಿದ್ದಳು. ಕೊನೆಗೆ ಉಳಿದದ್ದು ಉಗುರಿನಷ್ಟು ಬಿಳಿ ಸುಳಿ. ಚಿಮಟವನ್ನು ಸ್ಪಿರಿಟ್‌ಗೆ ಅದ್ದಿ, ದೀಪಕ್ಕೆ ಹಿಡಿದು, ಆರಿದ ಮೇಲೆ ಸುಳಿಯನ್ನು ಬಾಟಲಿಗಿಳಿಸಿ ಮುಚ್ಚಳ ಬಿಗಿದಳು.

ಬಾಟಲಿಯ ತಳದಲ್ಲಿರುವುದು ಎಂ.ಎಸ್. ಮಾಧ್ಯಮ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿನ ಅಂಗಾಂಶಕ್ಕೆಂದು ರೂಪಿಸಿದ ಸೂತ್ರ ಇಂದಿಗೂ ನಡೆಯುತ್ತಿದೆ: ಲವಣ, ವಿಟಮಿನ್, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್. ಸುಳಿಯನ್ನು ಸಾಕುವ ಸಕ್ಕರೆಯೇ ಬೂಸ್ಟನ್ನೂ ಸಾಕುತ್ತದೆ. ಅದಕ್ಕೇ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೊಕ್ಲೇವ್ ಮಾಡುವುದು, ಅದಕ್ಕೇ ನನ್ನ ಕೈಗೆ ತಡೆ.

ರಸಬಾಳೆಯ ಕಥೆ ನನ್ನನ್ನು ಬಿಡದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಣ್ಣನ್ನು ಪನಾಮ ಸೊರಗು ರೋಗ ತೋಟದಿಂದ ತೋಟಕ್ಕೆ ಅಟ್ಟಿಕೊಂಡು ಹೋಯಿತು. ಬಾಳೆಯನ್ನು ಬೀಜದಿಂದ ಬೆಳೆಸುವುದಿಲ್ಲ, ಕಂದು ನೆಡುತ್ತಾರೆ. ಹೀಗೆ ರೋಗದ ಶಿಲೀಂಧ್ರವೂ ಕಂದಿನೊಂದಿಗೆ ಹೊಸ ಹೊಲ ಸೇರುತ್ತದೆ. ಶುದ್ಧ ಸುಳಿಯಿಂದ ಬಾಟಲಿಯಲ್ಲಿ ಬೆಳೆಸಿದ ಸಸಿ ಆ ಸರಪಳಿ ಕಡಿಯುತ್ತದೆ. ಆದರೆ ಅದು ರೋಗಮುಕ್ತ ಸಸಿಯೇ ಹೊರತು ರೋಗನಿರೋಧಕವಲ್ಲ. ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ. ಅಂಥ ಹೊಲದಲ್ಲಿ ನೆಟ್ಟರೆ ಮತ್ತೆ ಸೊರಗೇ. ಈ ವ್ಯತ್ಯಾಸ ಆ ಹುಡುಗಿಗೆ ಗೊತ್ತಿತ್ತು. ‘ಲ್ಯಾಬ್‌ನಲ್ಲಿ ಗೆದ್ರೆ ಸಾಲ್ದು ಸರ್, ಹೊಲದ ಮಣ್ಣೂ ನೋಡ್ಬೇಕು’ ಅಂದಳು. ಜೈವಿಕ ತಂತ್ರಜ್ಞಾನದ ಬಗ್ಗೆ ನಾನು ಕೇಳಿದ ಎಷ್ಟೋ ಭಾಷಣಗಳಲ್ಲಿ ಇಷ್ಟು ತಿರುಳಿರಲಿಲ್ಲ.

ನಮ್ಮಲ್ಲಿ ಈ ವಿದ್ಯೆಗೆ ಒಳ್ಳೆಯ ಪರಂಪರೆಯಿದೆ. ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ 1964ರಲ್ಲಿ ದತ್ತೂರಿಯ ಪರಾಗಕೋಶದಿಂದ ಭ್ರೂಣ ಬೆಳೆಸಿ ಜಗತ್ತಿಗೆ ತೋರಿಸಿದರು. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರುವಾದಾಗ ಅದರ ಮೊದಲ ಸರಕುಗಳಲ್ಲೊಂದು ಪಪ್ಪಾಯಿಯ ಪಪೇನ್ ಕಿಣ್ವ. 1986ರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ, 2001ರಲ್ಲಿ ರಾಜ್ಯದ ಬಯೋಟೆಕ್ ನೀತಿ. ಆಮೇಲೆ ಕಾಲೇಜುಗಳಲ್ಲೂ ಈ ಕಾಂಬಿನೇಷನ್ನಿಗೆ ಬೇಡಿಕೆ ಏರಿತು.

ಬೇಡಿಕೆಯ ವೇಗದಲ್ಲಿ ಪ್ರಯೋಗಾಲಯಗಳು ಬೆಳೆಯಲಿಲ್ಲ ಎಂಬುದೇ ನನ್ನ ತಕರಾರು. ಪಿಸಿಆರ್ ಚಿತ್ರವನ್ನು ಬೋರ್ಡಿನಿಂದ ನೋಟ್ಸಿಗಿಳಿಸಿ, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಪದವಿ ಮುಗಿಸಿದವರನ್ನು ಬಲ್ಲೆ. ಕೆಲಸ ಸಿಗದಾಗ ತಪ್ಪು ವಿಷಯದ್ದೆನಿಸುತ್ತದೆ. ಅಭ್ಯಾಸವಿಲ್ಲದ ಕೈಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಕ್ಕಳನ್ನು ಈ ಕೋರ್ಸಿಗೆ ಸೇರಿಸುವ ಅಪ್ಪ-ಅಮ್ಮಂದಿರು ಕಟ್ಟಡ, ಫಲಿತಾಂಶದ ಜೊತೆ ಇನ್ನೊಂದನ್ನು ವಿಚಾರಿಸಲಿ: ವಾರಕ್ಕೆ ಎಷ್ಟು ಗಂಟೆ ನಮ್ಮ ಮಗು ತಾನೇ ಪ್ರಯೋಗ ಮಾಡುತ್ತದೆ, ಕೆಟ್ಟರೆ ಮತ್ತೆ ಮಾಡಲು ಬಿಡುತ್ತೀರಾ? ನೇರ ಉತ್ತರ ಕೊಡುವ ಕಾಲೇಜು ಊರಿನಿಂದ ದೂರವಿದ್ದರೂ ಅಲ್ಲಿಗೇ ಸೇರಿಸಿ.