ಸಾಮ್ರಾಜ್ಯ ಹೋಯಿತು, ಹೆಸರು ಉಳಿಯಿತು

ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಹೆಸರು 'ಎಲ್ ನಿನೊ'. 2023ರಲ್ಲಿ ಕರ್ನಾಟಕದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದಾಗಲೂ ಈ ಹೆಸರು ಮತ್ತೆ ಮತ್ತೆ ಕೇಳಿಬಂತು. ಇದು ಸ್ಪ್ಯಾನಿಷ್ ಭಾಷೆಯ ಮಾತು. ಅರ್ಥ 'ಪುಟ್ಟ ಹುಡುಗ'. ಆ ಹುಡುಗ ಬೇರೆ ಯಾರೂ ಅಲ್ಲ, ಬಾಲಯೇಸು!

ದಕ್ಷಿಣ ಅಮೆರಿಕದ ಪೆರು ದೇಶದ ಉತ್ತರ ಕರಾವಳಿಯಲ್ಲಿ ಕಡಲ ನೀರು ಸಾಮಾನ್ಯವಾಗಿ ತಣ್ಣಗಿರುತ್ತದೆ. ಆದರೆ ಕ್ರಿಸ್‌ಮಸ್ ಹೊತ್ತಿಗೆ ಬೆಚ್ಚನೆಯ ಪ್ರವಾಹವೊಂದು ಉತ್ತರದಿಂದ ಹರಿದುಬರುವುದನ್ನು ಅಲ್ಲಿನ ಪೈತಾ ಬಂದರಿನ ನಾವಿಕರು ಗಮನಿಸಿದ್ದರು. ಯೇಸು ಹುಟ್ಟಿದ ಹಬ್ಬದ ಸಮಯಕ್ಕೆ ಬರುವುದರಿಂದ ಅದನ್ನು 'ಬಾಲಯೇಸುವಿನ ಪ್ರವಾಹ' ಎಂದು ಕರೆದರು. ಕಮೀಲೋ ಕರೀಯೊ ಎಂಬ ನೌಕಾಧಿಕಾರಿ 1892ರಲ್ಲಿ ಲಿಮಾ ನಗರದ ಭೌಗೋಳಿಕ ಸಂಘಕ್ಕೆ ಈ ಸಂಗತಿಯನ್ನು ತಿಳಿಸಿದ. ಮುಂದೆ ವಿಜ್ಞಾನಿಗಳು, ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ಸಮಭಾಜಕ ಪ್ರದೇಶದ ಮಧ್ಯ ಮತ್ತು ಪೂರ್ವ ಭಾಗದ ನೀರೇ ಅತಿಯಾಗಿ ಬಿಸಿಯಾಗುವುದನ್ನು ಕಂಡುಕೊಂಡು ಅದಕ್ಕೂ ಇದೇ ಹೆಸರಿಟ್ಟರು. ಅಂಥ ವರ್ಷಗಳಲ್ಲಿ ಭಾರತದ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು. ಹಾಗೆಂದು ಪ್ರತಿ ಸಲವೂ ಮಳೆ ಕೈಕೊಡುತ್ತದೆಂದಲ್ಲ. 1997ರಲ್ಲಿ ಎಲ್ ನಿನೊ ಅತಿ ಪ್ರಬಲವಾಗಿದ್ದರೂ ದೇಶದಲ್ಲಿ ಒಟ್ಟಾರೆ ವಾಡಿಕೆಯ ಮಳೆಯೇ ಆಗಿತ್ತು.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪೆರುವಿನ ಕಡಲಿಗೆ ಸ್ಪ್ಯಾನಿಷ್ ಹೆಸರು ಬಂದದ್ದಾದರೂ ಹೇಗೆ? ಅದು ಇಂಕಾ ಅರಸರು ಆಳಿದ ನಾಡು. 1532ರಲ್ಲಿ ಫ್ರಾನ್ಸಿಸ್ಕೊ ಪಿಜಾರೊ ಎಂಬ ಸ್ಪೇನಿನ ದಂಡನಾಯಕ ಇಂಕಾ ದೊರೆ ಅತವಾಲ್ಪನನ್ನು ಸೆರೆಹಿಡಿದ. ಆಮೇಲೆ ಆಡಳಿತ ಬದಲಾಯಿತು, ಮತ ಬದಲಾಯಿತು, ಮಾತೂ ಬದಲಾಯಿತು. ಕೊನೆಗೆ ಕಡಲಿನ ಪ್ರವಾಹವನ್ನೂ ಗೆದ್ದವರ ಭಾಷೆಯಲ್ಲೇ ಕರೆಯುವ ಕಾಲ ಬಂತು. ಒಂದು ಪುಟ್ಟ ಹೆಸರಿನ ಹಿಂದೆ ಎಷ್ಟೊಂದು ಇತಿಹಾಸ!

ಹಬ್ಬ ನೋಡಿ ನಾಮಕರಣ

ಸ್ಪೇನಿನವರು ಹೋದಲ್ಲೆಲ್ಲ ಮಾಡಿದ ಮೊದಲ ಕೆಲಸಗಳಲ್ಲಿ ಹೆಸರಿಡುವುದೂ ಒಂದು. 1492ರಲ್ಲಿ ಕೊಲಂಬಸ್ ಮೊದಲು ಕಾಲಿಟ್ಟ ದ್ವೀಪವನ್ನು ಅಲ್ಲಿನ ಜನ 'ಗ್ವಾನಹಾನಿ' ಎನ್ನುತ್ತಿದ್ದರು. ಅದು ಗೊತ್ತಿದ್ದೂ ಕೊಲಂಬಸ್ ಅದಕ್ಕೆ 'ಸಾನ್ ಸಾಲ್ವಡೋರ್', ಅಂದರೆ 'ಪವಿತ್ರ ರಕ್ಷಕ' ಎಂದು ಹೊಸ ಹೆಸರು ಕೊಟ್ಟ. ಆ ದ್ವೀಪ ಯಾವುದೆಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಎರಡು ಹೆಸರು ಉಳಿದಿವೆ, ನೆಲ ಮಾತ್ರ ಖಚಿತವಿಲ್ಲ!

ಹೆಸರು ಹುಡುಕಲು ಅವರಿಗೆ ಹೆಚ್ಚು ತೊಂದರೆಯೂ ಇರಲಿಲ್ಲ. ಚರ್ಚಿನ ಪಂಚಾಂಗದಲ್ಲಿ ದಿನಕ್ಕೊಬ್ಬ ಸಂತನಿದ್ದ. 1691ರ ಜೂನ್ 13ರಂದು, ಸಂತ ಆಂಟೋನಿಯ ಹಬ್ಬದ ದಿನ ತಲುಪಿದ ಜಾಗ ಸಾನ್ ಆಂಟೋನಿಯೊ ಆಯಿತು. ಅದಕ್ಕೂ ಮೊದಲು 1513ರಲ್ಲಿ 'ಹೂವಿನ ಹಬ್ಬ' ಎಂದು ಕರೆಯುತ್ತಿದ್ದ ಈಸ್ಟರ್ ಸಮಯದಲ್ಲಿ ಕಂಡ ನಾಡು ಫ್ಲೋರಿಡಾ ಆಗಿತ್ತು. ಕಣ್ಣಿಗೆ ಕಂಡದ್ದೂ ಹೆಸರಾಯಿತು. ಕೆಂಪು ಮಣ್ಣು ಹೊತ್ತು ಹರಿಯುವ ನದಿ ಕೊಲೊರಾಡೊ, ಹಿಮ ಮುಚ್ಚಿದ ಬೆಟ್ಟಸಾಲು ಸಿಯೆರಾ ನೆವಾಡಾ. ಕ್ಯಾಲಿಫೋರ್ನಿಯಾದ ಕಥೆಯಂತೂ ಸ್ವಾರಸ್ಯಕರ. ಹದಿನಾರನೆಯ ಶತಮಾನದ ಆರಂಭದಲ್ಲಿ ಪ್ರಕಟವಾದ ಒಂದು ಸ್ಪ್ಯಾನಿಷ್ ಸಾಹಸಕಥೆಯಲ್ಲಿ ಕಲಾಫಿಯಾ ಎಂಬ ರಾಣಿ ಆಳುವ ಕಾಲ್ಪನಿಕ ದ್ವೀಪದ ಹೆಸರು ಅದು. 1781ರಲ್ಲಿ ಅದೇ ಕ್ಯಾಲಿಫೋರ್ನಿಯಾದಲ್ಲಿ 44 ಜನ ನೆಲೆಸಿ ಕಟ್ಟಿದ ಹಳ್ಳಿಯೇ ಇಂದಿನ ಮಹಾನಗರ ಲಾಸ್ ಏಂಜಲಿಸ್, ಅಂದರೆ 'ದೇವದೂತರು'.

ಇಂಥ ಹೆಸರನ್ನು ಅಳಿಸುವುದು ಸುಲಭವಲ್ಲ. ಅಮೆರಿಕದ ರಾಕೆಟ್‌ಗಳು ಹಾರುವ ಕೇಪ್ ಕೆನವೆರಲ್ ಎಂಬುದು ಜೊಂಡು ಬೆಳೆದ ಜಾಗ ಎಂಬರ್ಥದ ಸ್ಪ್ಯಾನಿಷ್ ಹೆಸರು. ಅಧ್ಯಕ್ಷ ಕೆನಡಿ ಅವರ ಹತ್ಯೆಯ ನಂತರ 1963ರಲ್ಲಿ ಅದಕ್ಕೆ 'ಕೇಪ್ ಕೆನಡಿ' ಎಂದು ನಾಮಕರಣ ಮಾಡಲಾಯಿತು. ಫ್ಲೋರಿಡಾದವರು ಒಪ್ಪಲಿಲ್ಲ. 1973ರಲ್ಲಿ ಹಳೆಯ ಹೆಸರೇ ಮರಳಿತು.

ಹೆಸರಿನೊಳಗೊಂದು ಹೆಸರು

ಇಷ್ಟಾದರೂ ಸ್ಪೇನ್ ಬರೀ ಕೊಟ್ಟಿತೆಂದು ಭಾವಿಸಿದರೆ ತಪ್ಪಾದೀತು. ಅದು ಪಡೆದದ್ದೂ ಅಷ್ಟೇ ಇದೆ. ಚಂಡಮಾರುತಕ್ಕೆ ಇಂಗ್ಲಿಷಿನವರು ಬಳಸುವ 'ಹರಿಕೇನ್' ಪದ ಸ್ಪ್ಯಾನಿಷಿನಿಂದ ಬಂದದ್ದು. ಸ್ಪ್ಯಾನಿಷಿಗೆ ಅದು ಬಂದದ್ದು ಕೆರಿಬಿಯನ್ ದ್ವೀಪಗಳ ತೈನೊ ಜನರಿಂದ. 'ಕೆನೂ' ಎಂಬ ದೋಣಿಯ ಹೆಸರೂ ಅವರದೇ. ಸಿಡುಬು ಮತ್ತು ಬಲವಂತದ ದುಡಿಮೆಗೆ ಸಿಕ್ಕಿ ತೈನೊ ಜನರ ಬಹುಪಾಲು ಕೆಲವೇ ದಶಕಗಳಲ್ಲಿ ನಾಶವಾಯಿತು. ಅವರ ಮಾತುಗಳು ಮಾತ್ರ ಅವರನ್ನು ಸೋಲಿಸಿದವರ ನಾಲಗೆಯ ಮೇಲೆ ಬದುಕಿಕೊಂಡವು.

ನಮ್ಮ ಅಡುಗೆಮನೆಯ ಟೊಮೆಟೊ ಕೂಡ ಹೀಗೆಯೇ ಬಂದದ್ದು. ಮೆಕ್ಸಿಕೊದ ಅಸ್ಟೆಕ್ ಜನರ ನಾವಾತ್ಲ್ ಭಾಷೆಯಲ್ಲಿ ಅದು 'ತೊಮಾತ್ಲ್'. ಸ್ಪೇನಿನವರ ಬಾಯಲ್ಲಿ 'ತೊಮಾತೆ' ಆಯಿತು. ನಮ್ಮ ತೋಟಗಳ ಸಪೋಟ ಹಣ್ಣಿನ ಹೆಸರೂ ಅದೇ ಭಾಷೆಯ 'ತ್ಸಾಪೊತ್ಲ್' ಎಂಬುದರಿಂದ ಸ್ಪ್ಯಾನಿಷಿನ ಮೂಲಕ ಬಂತು. ಸಪೋಟವನ್ನು ಬಾಯಿಗಿಡುವಾಗ ನಾವು ಅರಿಯದೆಯೇ ಅಸ್ಟೆಕ್ ಮಾತೊಂದನ್ನು ಆಡುತ್ತಿರುತ್ತೇವೆ.

ಕಟ್ಟಡಗಳ ಕಥೆಯೂ ಭಿನ್ನವಲ್ಲ. ಸ್ಪೇನಿನ ಹೆಚ್ಚಿನ ಭಾಗ 711ರಿಂದ ಮುಸ್ಲಿಂ ಅರಸರ ವಶವಾಗಿತ್ತು. ಅವರ ಕೊನೆಯ ರಾಜ್ಯವಾದ ಗ್ರನಾಡ ಪತನವಾದದ್ದು 1492ರ ಜನವರಿಯಲ್ಲಿ, ಅಂದರೆ ಕೊಲಂಬಸ್ ಹಡಗು ಹತ್ತಿದ ವರ್ಷವೇ. ಅಲ್ಲಿನ ಅಲ್‌ಹಂಬ್ರ ಅರಮನೆಯ ಹೆಸರು 'ಕೆಂಪನೆಯದು' ಎಂಬರ್ಥದ ಅರಬ್ಬಿ ಪದ. ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಗೆ ಸ್ಪ್ಯಾನಿಷಿನಲ್ಲಿ 'ಅದೋಬೆ' ಎನ್ನುತ್ತಾರೆ. ಅದೂ ಅರಬ್ಬಿಯಿಂದ ಬಂದದ್ದೇ. ಗೋಡೆಗಳಿಗೆ ಹಚ್ಚುವ ಬಣ್ಣದ ಹೊಳಪಿನ ಬಿಲ್ಲೆಗಳ ಹೆಸರೂ ಅಷ್ಟೇ. ಈ ಜ್ಞಾನವೆಲ್ಲ ಹಡಗೇರಿ ಅಮೆರಿಕ ಸೇರಿತು.

1769ರಿಂದ 1823ರವರೆಗೆ ಸ್ಪ್ಯಾನಿಷ್ ಪಾದ್ರಿಗಳು ಕ್ಯಾಲಿಫೋರ್ನಿಯಾದಲ್ಲಿ 21 ಮಿಷನ್‌ಗಳನ್ನು ಕಟ್ಟಿಸಿದರು. ದಪ್ಪ ಮಣ್ಣಿನ ಗೋಡೆ, ಕೆಂಪು ಹೆಂಚು, ಕಮಾನಿನ ಮೊಗಸಾಲೆ, ನಡುವೆ ಅಂಗಳ. ಕಟ್ಟಿದ ಕೈಗಳು ಮೂಲನಿವಾಸಿಗಳವು. ರೋಗ ಮತ್ತು ದುಡಿಮೆಯಿಂದ ಅವರಲ್ಲಿ ಸಾವಿರಾರು ಜನ ಅಲ್ಲಿಯೇ ಸತ್ತರು. 1925ರ ಭೂಕಂಪದಲ್ಲಿ ಸಾಂತಾ ಬಾರ್ಬರಾ ನಗರ ಹಾಳಾದಾಗ ಅದನ್ನು ಇದೇ ಶೈಲಿಯಲ್ಲಿ, ಬಿಳಿಯ ಗೋಡೆ ಮತ್ತು ಕೆಂಪು ಹೆಂಚಿನಿಂದ ಮರಳಿ ಕಟ್ಟಲಾಯಿತು. ಇಂದು ಪ್ರವಾಸಿಗಳು ಅದರ ಸೊಬಗನ್ನು ಮೆಚ್ಚುತ್ತಾರೆ. ಆ ಸೊಬಗಿನ ಹಿಂದೆ ಅರಬ್ಬಿ ಕಸುಬು ಮತ್ತು ಮೂಲನಿವಾಸಿಗಳ ಬೆವರು ಇರುವುದು ಮೇಲ್ನೋಟಕ್ಕೆ ಕಾಣದು.

ಮನುಷ್ಯರಿಗೇ ಹೊಸ ಹೆಸರು

ನಾಡಿಗೆ, ನದಿಗೆ ಹೆಸರಿಡುವುದು ಒಂದು ಮಾತಾದರೆ ಮನುಷ್ಯರ ಹೆಸರನ್ನೇ ಬದಲಿಸುವುದು ಇನ್ನೊಂದು. ಅದು ನಡೆದದ್ದು ಏಷ್ಯಾದಲ್ಲೇ, ಫಿಲಿಪ್ಪೀನ್ಸ್‌ನಲ್ಲಿ. ಆ ದೇಶದ ಹೆಸರೇ ಸ್ಪೇನಿನ ರಾಜಕುಮಾರ, ಮುಂದೆ ದೊರೆಯಾದ ಎರಡನೆಯ ಫಿಲಿಪ್‌ನದು.

ಅಲ್ಲಿನ ಜನರಲ್ಲಿ ಮನೆತನದ ಹೆಸರಿಡುವ ಪದ್ಧತಿ ಸಾಮಾನ್ಯವಾಗಿರಲಿಲ್ಲ. ಕ್ರೈಸ್ತರಾದ ಮೇಲೆ ಎಷ್ಟೋ ಮಂದಿ 'ದೆ ಲಾ ಕ್ರೂಸ್', 'ದೆ ಲೋಸ್ ಸಾಂತೋಸ್' ಎಂದು ಶಿಲುಬೆಯ, ಸಂತರ ಹೆಸರು ಹಚ್ಚಿಕೊಂಡಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಹೆಸರಿರುತ್ತಿತ್ತು. ಯಾರಿಂದ ತೆರಿಗೆ ಬಂತು, ಯಾರು ತಪ್ಪಿಸಿಕೊಂಡರು ಎಂಬುದೇ ಅಧಿಕಾರಿಗಳಿಗೆ ತಿಳಿಯುತ್ತಿರಲಿಲ್ಲ. 1849ರ ನವೆಂಬರ್ 21ರಂದು ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೇರಿಯಾ ಒಂದು ಆಜ್ಞೆ ಹೊರಡಿಸಿದ. ಅಕಾರಾದಿಯಾಗಿ ಸುಮಾರು 60 ಸಾವಿರ ಹೆಸರುಗಳ ಪಟ್ಟಿ ಸಿದ್ಧವಾಯಿತು. ನಾಲ್ಕು ತಲೆಮಾರಿನಿಂದ ಒಂದೇ ಹೆಸರು ಉಳಿಸಿಕೊಂಡವರನ್ನು ಬಿಟ್ಟು ಉಳಿದವರು ಅದರಿಂದ ಹೆಸರು ಪಡೆಯಬೇಕಾಯಿತು. ಪಟ್ಟಿಯ ಪುಟಗಳನ್ನು ಊರೂರಿಗೆ ಹಂಚಿದ್ದರಿಂದ ಕೆಲವು ಊರುಗಳಲ್ಲಿ ಹೆಚ್ಚಿನವರ ಹೆಸರು ಒಂದೇ ಅಕ್ಷರದಿಂದ ಶುರುವಾಯಿತು. ಆಲ್ಬಾಯ್ ಪ್ರಾಂತದ ಓಆಸ್ ಪಟ್ಟಣದಲ್ಲಿ 'ಆರ್' ಅಕ್ಷರದ ಮನೆತನಗಳು ಇಂದಿಗೂ ತುಂಬಿವೆ. ಹೀಗಾಗಿ ಸ್ಪ್ಯಾನಿಷ್ ಹೆಸರಿನ ಫಿಲಿಪ್ಪೀನ್ಸ್ ಪ್ರಜೆಯ ಮೈಯಲ್ಲಿ ಸ್ಪೇನಿನ ರಕ್ತವಿದೆ ಎಂದು ಊಹಿಸುವುದು ಬಹುಪಾಲು ತಪ್ಪು. ಅದು ತೆರಿಗೆ ಪುಸ್ತಕದ ಹೆಸರು.

ಆದರೆ ಹೆಸರು ಕೊಟ್ಟವನ ಸ್ವತ್ತಾಗಿಯೇ ಉಳಿಯುವುದಿಲ್ಲ. ಮೆರ್ಕಾದೊ, ಅಂದರೆ 'ಸಂತೆ' ಎಂಬ ಹೆಸರಿನ ಒಂದು ಮನೆತನ ಆ ಆಜ್ಞೆಯ ಕಾಲದಲ್ಲಿ 'ರಿಸಾಲ್' ಎಂಬ ಇನ್ನೊಂದು ಹೆಸರನ್ನೂ ಸೇರಿಸಿಕೊಂಡಿತು. ಆ ಮನೆಯ ಮಗ ಹೊಸೆ ರಿಸಾಲ್ ವೈದ್ಯನಾದ, ಲೇಖಕನಾದ. ಸ್ಪ್ಯಾನಿಷ್ ಭಾಷೆಯಲ್ಲೇ ಕಾದಂಬರಿ ಬರೆದು ಸ್ಪೇನಿನ ದಬ್ಬಾಳಿಕೆಯನ್ನು ಬಯಲಿಗೆಳೆದ. 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಎರಡೇ ವರ್ಷಗಳಲ್ಲಿ, 1898ರಲ್ಲಿ, ಸ್ಪೇನ್ ಆ ದೇಶವನ್ನು ಕಳೆದುಕೊಂಡಿತು. ಇಂದು ಅಲ್ಲಿ ಒಂದು ಪ್ರಾಂತಕ್ಕೇ ರಿಸಾಲ್ ಹೆಸರಿದೆ. ಅವನ ಸಾವಿನ ದಿನ ರಾಷ್ಟ್ರೀಯ ರಜಾದಿನ.

ತೆರಿಗೆ ವಸೂಲಿಯ ಕಾಲದಲ್ಲಿ ಬಂದ ಹೆಸರು ಸ್ವಾತಂತ್ರ್ಯದ ಹೆಸರಾಯಿತು. ಸ್ಪೇನ್ ಕೊಟ್ಟ ಹೆಸರುಗಳು ಜಗತ್ತಿನ ತುಂಬ ಉಳಿದಿವೆ, ನಿಜ. ಆದರೆ ಅವುಗಳಿಗೆ ಅರ್ಥ ತುಂಬಿದವರು ಅವನ್ನು ಹೊತ್ತು ಬಾಳಿದ ಜನ.