ಜೀವವಿಕಾಸದ ಫಲಗಳು

ವಿಕಾಸವಾದವೆಂಬ ಮಾತು ಬಂದೊಡನೆ "ಮಂಗನಿಂದ ಮಾನವನಾದನಂತೆ" ಎಂದು ನಕ್ಕುಬಿಡುವುದು ನಮ್ಮ ಪೇಟೆಯ ಹರಟೆಕಟ್ಟೆಗಳಲ್ಲಿ ವಾಡಿಕೆಯಾಗಿರುವುದು. ಶಾಸ್ತ್ರವು ಹೇಳುವುದು ಅದನ್ನಲ್ಲ. ಇಂದಿನ ಮಂಗಗಳೂ ಮನುಷ್ಯನೂ ಒಂದೇ ಪುರಾತನ ಮೂಲದಿಂದ ಕವಲೊಡೆದ ದಾಯಾದಿಗಳೆಂಬುದೇ ಅದರ ಅಭಿಪ್ರಾಯವು.

1859ರಲ್ಲಿ ಡಾರ್ವಿನ್ ಮಹಾಶಯನು ಲೋಕದ ಮುಂದಿಟ್ಟ ತತ್ತ್ವವು ಸರಳವಾದುದು. ಒಂದೇ ತಾಯಿಯ ಮಕ್ಕಳಲ್ಲಿಯೂ ಅಲ್ಪಸ್ವಲ್ಪ ಭೇದಗಳುಂಟು, ಅವುಗಳಲ್ಲಿ ಕೆಲವು ವಂಶಪಾರಂಪರ್ಯವಾಗಿ ಇಳಿದುಬರುವುವು, ಹುಟ್ಟಿದವೆಲ್ಲವೂ ಬದುಕಲಾರವು, ಬದುಕಿಗೆ ಅನುಕೂಲವಾದ ಭೇದವುಳ್ಳವು ಹೆಚ್ಚು ಸಂತತಿಯನ್ನು ಬಿಡುವುವು.

ಇದರ ಮೊದಲನೆಯ ಫಲವು ಪರಿಸರದೊಡನೆ ಹೊಂದಿಕೆ. ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್ ಎಂಬ ಸಣ್ಣ ದ್ವೀಪದಲ್ಲಿ ಪೀಟರ್ ಗ್ರಾಂಟ್, ರೋಸ್‌ಮೆರಿ ಗ್ರಾಂಟ್ ದಂಪತಿಗಳು 1973ರಿಂದ ಫಿಂಚ್ ಹಕ್ಕಿಗಳ ಕೊಕ್ಕುಗಳನ್ನು ಅಳೆಯತೊಡಗಿದರು. 1977ರ ಘೋರ ಅನಾವೃಷ್ಟಿಯಲ್ಲಿ ಸಣ್ಣ ಬೀಜಗಳು ತೀರಿ, ದಪ್ಪನೆಯ ಗಟ್ಟಿ ಬೀಜಗಳೇ ಉಳಿದುವು. ಅವನ್ನು ಒಡೆಯಬಲ್ಲ ದೊಡ್ಡ ಕೊಕ್ಕಿನ ಹಕ್ಕಿಗಳೇ ಹೆಚ್ಚಾಗಿ ಬದುಕಿ, ಮುಂದಿನ ಪೀಳಿಗೆಯ ಕೊಕ್ಕು ದೊಡ್ಡದಾಯಿತು. 1983ರ ಅತಿವೃಷ್ಟಿಯ ತರುವಾಯ ಸಣ್ಣ ಬೀಜಗಳು ಹೇರಳವಾಗಲು, ಸಣ್ಣ ಕೊಕ್ಕಿನವುಗಳಿಗೆ ಮೇಲುಗೈಯಾಯಿತು. ಯಾವ ಹಕ್ಕಿಯೂ ಬಯಸಿ ತನ್ನ ಕೊಕ್ಕನ್ನು ಬೆಳೆಸಿಕೊಳ್ಳಲಿಲ್ಲ. ವಿಕಾಸವೆಂದರೆ ಮೇಲಕ್ಕೇರುವ ಮೆಟ್ಟಿಲೆಂದು ಭಾವಿಸುವವರು ಇದನ್ನು ಲಕ್ಷಿಸಬೇಕು.

ಎರಡನೆಯ ಫಲವು ಹೊಸ ಜಾತಿಗಳ ಹುಟ್ಟು. ಮೂರನೆಯದು ಹಳೆಯವುಗಳ ಅಳಿವು. ಆಫ್ರಿಕದ ವಿಕ್ಟೋರಿಯಾ ಸರೋವರದಲ್ಲಿ ಇವೆರಡೂ ಕಾಣದೊರೆಯುವುವು. ಸುಮಾರು 15,000 ವರ್ಷಗಳ ಹಿಂದೆ ಮರಳಿ ತುಂಬಿದ ಆ ಸರೋವರದಲ್ಲಿ ಸಿಕ್ಲಿಡ್ ಎಂಬ ಮೀನಿನ ವಂಶವು ಕವಲೊಡೆದು ನೂರಾರು ಜಾತಿಗಳಾಯಿತು. 1950ರ ದಶಕದಲ್ಲಿ ಮನುಷ್ಯನು ನೈಲ್ ಪರ್ಚ್ ಎಂಬ ಹೊಟ್ಟೆಬಾಕ ಮೀನನ್ನು ತಂದು ಬಿಟ್ಟನು. ಮುಂದೆ ಕೆಲವೇ ದಶಕಗಳಲ್ಲಿ ಆ ಜಾತಿಗಳಲ್ಲಿ ಅನೇಕವು ಕಾಣದಾದುವು. ಸಾವಿರಾರು ವರ್ಷಗಳ ಗಳಿಕೆಯನ್ನು ಒಂದು ತಲೆಮಾರಿನ ಅವಿವೇಕವು ಕಳೆಯಬಲ್ಲದು.

ಇವು ದೂರದೇಶದ ಹಕ್ಕಿ ಮೀನುಗಳ ಕಥೆಯೆಂದು ವಾಚಕರು ಉದಾಸೀನರಾಗಲಾಗದು. ಅದೇ ನಿಯಮವು ನಮ್ಮ ಮನೆಯ ರೋಗಿಯ ಹಾಸಿಗೆಯ ಬಳಿಯಲ್ಲಿಯೂ ನಡೆದಿರುವುದು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಮಹಾಶಯನೇ 1945ರ ನೊಬೆಲ್ ಉಪನ್ಯಾಸದಲ್ಲಿ, ಸಾಲದ ಪ್ರಮಾಣದ ಔಷಧವು ರೋಗಾಣುಗಳನ್ನು ಕೊಲ್ಲದೆ ಅವು ಅದನ್ನು ತಾಳಿಕೊಳ್ಳುವಂತೆ ಮಾಡೀತೆಂದು ಎಚ್ಚರಿಸಿದ್ದನು. ದುರ್ಬಲ ರೋಗಾಣುಗಳು ಸಾಯುವುವು. ಔಷಧವನ್ನು ಜಯಿಸಬಲ್ಲವು ಉಳಿದು ವಂಶವನ್ನು ಬೆಳೆಸುವುವು. ಅಂಕೆಯಿಲ್ಲದೆ ಔಷಧ ನುಂಗುವ ಊರಿನಲ್ಲಿ ಮುಂದೆ ನಿಜವಾದ ಕಾಯಿಲೆ ಬಂದಾಗ ಆ ಔಷಧವು ಕೈಕೊಡುವುದು. ಇಂತಹ ಅನೇಕ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಾಟವನ್ನು ಪುಸ್ತಕದಲ್ಲಿ ದಾಖಲು ಮಾಡಬೇಕೆಂದೂ ಸರ್ಕಾರವು 2014ರಲ್ಲಿ ನಿಯಮವನ್ನು ಜಾರಿಗೆ ತಂದಿತು. ನಿಯಮದ ಬಲವು ಅದನ್ನು ನಡೆಯಿಸುವ ಅಧಿಕಾರಿಗಳಲ್ಲಿಯೂ ಕೊಳ್ಳುವ ಜನರಲ್ಲಿಯೂ ಇರುವುದು.

ಇಂತಿರಲು, 2023ರಲ್ಲಿ ಕೇಂದ್ರದ ಪಠ್ಯಮಂಡಳಿಯು ಹತ್ತನೆಯ ತರಗತಿಯ ವಿಜ್ಞಾನಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದುಹಾಕಿದುದನ್ನು ನಾವು ಒಪ್ಪಲಾರೆವು. 1,800ಕ್ಕೂ ಮೀರಿ ವಿಜ್ಞಾನಿಗಳೂ ಅಧ್ಯಾಪಕರೂ ಅದನ್ನು ಪ್ರತಿಭಟಿಸಿ ಬಹಿರಂಗಪತ್ರಕ್ಕೆ ಸಹಿಮಾಡಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದನ್ನು ಉಳಿಸಿದ್ದರೆಂಬುದು ನಿಜ. ಆದರೆ ಜೀವಶಾಸ್ತ್ರವನ್ನು ಆರಿಸಿಕೊಳ್ಳದವನೂ ಔಷಧವನ್ನು ನುಂಗುವನಷ್ಟೆ! ಅವನು ರೈತನಾಗಿ ಕೀಟನಾಶಕವನ್ನು ಎರಚಿಯಾನು, ಅಧಿಕಾರಿಯಾಗಿ ಕೆರೆಯೊಂದಕ್ಕೆ ಹೊರಗಿನ ಮೀನನ್ನು ಬಿಡಿಸಿಯಾನು. ಈ ಜ್ಞಾನವು ಕೆಲವರ ಸೊತ್ತಾಗಿರದೆ ಎಲ್ಲರ ಪಾಲಿಗೂ ಬರಬೇಕು. ಪ್ರಕೃತಿಯ ನಿಯಮವು ನಮ್ಮ ಅಜ್ಞಾನವನ್ನು ಕ್ಷಮಿಸಿ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ.