ಗರ್ಭಿಣಿಗೆ ಕೇಳಬೇಕಾದ ಪ್ರಶ್ನೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆಗೆಲಸದಾಕೆಯ ಸೊಸೆಯನ್ನು ತಪಾಸಣೆಗಾಗಿ ನಗರದ ಪೂರ್ವ ಭಾಗದ ಹೆರಿಗೆ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ಕೇಸ್ ಪೇಪರ್ ತುಂಬುತ್ತಿದ್ದವರು, 'ಬೀಡಿ, ಸಿಗರೇಟು ಅಭ್ಯಾಸ ಉಂಟೇನಮ್ಮ?' ಎಂದು ಕೇಳಿದರು. ಆಕೆ ನಾಚಿ ನಕ್ಕು 'ಇಲ್ಲ' ಎಂದಳು. ಅದು ಸುಳ್ಳಾಗಿರಲಿಲ್ಲ. ಆದರೆ ಆಕೆಯ ಸೆರಗಿನ ಗಂಟಿನಲ್ಲಿ ಕಡ್ಡಿಪುಡಿಯ ಪೊಟ್ಟಣವಿತ್ತು.

ಉತ್ತರ ಸರಿಯಿತ್ತು, ಪ್ರಶ್ನೆಯೇ ತಪ್ಪಿತ್ತು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಧೂಮಪಾನ ಮಾಡುವ ಮಹಿಳೆಯರು ಶೇ 2ರಷ್ಟು ಮಾತ್ರ. ಹೊಗೆರಹಿತ ತಂಬಾಕು ಬಳಸುವವರು ಶೇ 12.8. ಧೂಮಪಾನವೊಂದನ್ನೇ ವಿಚಾರಿಸಿದರೆ ಬಹುಪಾಲು ತಂಬಾಕು ಬಳಕೆ ವೈದ್ಯರ ಕಣ್ಣಿಗೆ ಬೀಳುವುದೇ ಇಲ್ಲ.

ಹೊಗೆ ಇಲ್ಲವೆಂದ ಮಾತ್ರಕ್ಕೆ ಹಾನಿ ಇಲ್ಲವೆಂದಲ್ಲ. ಮುಂಬೈಯ 1,217 ಮಹಿಳೆಯರನ್ನು ಕುರಿತು ನಡೆದ ಅಧ್ಯಯನವೊಂದು 2004ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟವಾಯಿತು. ಹೊಗೆರಹಿತ ತಂಬಾಕು ಬಳಸಿದ ತಾಯಂದಿರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಅವಧಿಪೂರ್ವ ಹೆರಿಗೆಯ ಸಂಭವವೂ ಹೆಚ್ಚಿತ್ತು. ಎರಡೂವರೆ ಕಿಲೋ ಗಡಿಯ ಆಚೀಚೆ ಹುಟ್ಟುವ ಬಡವರ ಕೂಸಿಗೆ ನೂರು ಗ್ರಾಂ ಅಲ್ಪವಲ್ಲ.

ಶಿವಾಜಿನಗರದ ಬೌರಿಂಗ್, ಘೋಷಾ ಆಸ್ಪತ್ರೆಗಳಿಂದ ಹಿಡಿದು ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಯವರೆಗೆ ಬರುವ ಗರ್ಭಿಣಿಯರ ಮನೆಮಾತು ಒಂದಲ್ಲ. ಕನ್ನಡದವಳಿಗೆ ಅದು ಹೊಗೆಸೊಪ್ಪು, ಹಲಸೂರಿನ ತಮಿಳು ಮನೆಯಲ್ಲಿ ಪೊಗೈಯಿಲೈ, ತೆಲುಗಿನಲ್ಲಿ ಪೊಗಾಕು, ಉರ್ದು ಮಾತಾಡುವ ಮನೆಯಲ್ಲಿ ಜರ್ದಾ. ಎಲೆಯಡಿಕೆಯ ಜೊತೆ ಬಾಯಿಗೆ ಹೋಗುವುದನ್ನು ಅನೇಕರು ತಂಬಾಕೆಂದು ಎಣಿಸುವುದೇ ಇಲ್ಲ. ಆದ್ದರಿಂದ ಪ್ರಶ್ನೆಯನ್ನು ಅವರವರ ಮಾತಿನಲ್ಲೇ ಕೇಳಬೇಕು. ಗಂಡ ಒಂದೇ ಕೋಣೆಯ ಮನೆಯಲ್ಲಿ ಬೀಡಿ ಸೇದುತ್ತಾನೆಯೇ ಎಂಬುದನ್ನೂ ವಿಚಾರಿಸಬೇಕು.

ಇದು ನನ್ನ ಕಲ್ಪನೆಯ ಸಲಹೆಯಲ್ಲ. ಸೇದುವ ಹಾಗೂ ಹೊಗೆರಹಿತ ತಂಬಾಕಿನ ಬಳಕೆಯನ್ನೂ, ಪರರ ಹೊಗೆಯ ಸೋಂಕನ್ನೂ ಪ್ರತಿ ಗರ್ಭಿಣಿಯ ಬಳಿ ಆದಷ್ಟು ಬೇಗನೆ, ಪ್ರತಿ ಭೇಟಿಯಲ್ಲಿಯೂ ವಿಚಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಗರ್ಭಿಣಿಯರ ವಿಷಯದಲ್ಲಿ ಅದು ಒತ್ತು ನೀಡಿರುವುದು ಔಷಧಿಗಲ್ಲ, ಆಪ್ತಸಮಾಲೋಚನೆಗೆ.

ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಸಮಾಲೋಚನೆಗೆ ಪುರುಸೊತ್ತೆಲ್ಲಿ ಎಂದು ವೈದ್ಯರು ಕೇಳುವುದು ನ್ಯಾಯವೇ. ಆದರೆ ಪೂರ್ತಿ ಹೊರೆಯನ್ನು ಅವರೇ ಹೊರಬೇಕಾಗಿಲ್ಲ. ಕೇಳಿ ತಾಯಿ ಕಾರ್ಡಿನಲ್ಲಿ ಗುರುತು ಹಾಕುವುದು ಶುಶ್ರೂಷಕಿಯ ಕೆಲಸವಾಗಲಿ. ಬಿಡಬೇಕೆಂದು ಸ್ಪಷ್ಟವಾಗಿ ಒಂದು ಮಾತು ವೈದ್ಯರು ಹೇಳಲಿ. ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಅದನ್ನು ನೆನಪಿಸಲಿ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಉಚಿತವಾಗಿದೆ. 2018ರಿಂದ ನಿಮ್ಹಾನ್ಸ್ ಸಹ ಅದರ ಒಂದು ಕೇಂದ್ರ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದುಕೊಡಲು ಅರ್ಧ ನಿಮಿಷ ಸಾಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇಷ್ಟು ಅಗ್ಗದ ಹೂಡಿಕೆಗೆ ಇಷ್ಟು ದೊಡ್ಡ ಪ್ರತಿಫಲ ಸರ್ಕಾರಿ ವೆಚ್ಚದಲ್ಲಿ ಅಪರೂಪ.

ಇನ್ನೊಂದು ಮಾತು. ಗದರಿಸಿದರೆ ಆಕೆ ಬಿಡುವುದಿಲ್ಲ, ಬಚ್ಚಿಡುತ್ತಾಳೆ. ಅಂದು ಹೊರಗೆ ಬಂದ ಮೇಲೆ ನನ್ನ ಪತ್ನಿ ಆ ಹುಡುಗಿಯನ್ನು ಮೆಲ್ಲಗೆ ವಿಚಾರಿಸಿದಳು. 'ಬೆಳಿಗ್ಗೆ ಹೊಟ್ಟೆ ತೊಳಸುತ್ತೆ ಅಮ್ಮ, ಇದು ಹಾಕ್ಕೊಂಡ್ರೆ ಹಸಿವೂ ಗೊತ್ತಾಗಲ್ಲ' ಎಂದಳು. ಆ ಉತ್ತರದಲ್ಲಿ ಚಟವಷ್ಟೇ ಅಲ್ಲ, ಊಟದ ಕೊರತೆಯೂ ಇತ್ತು. ಕೇಸ್ ಪೇಪರಿನಲ್ಲಿ ಮಾತ್ರ 'ಇಲ್ಲ' ಎಂದೇ ಉಳಿಯಿತು. ಸರಿಯಾದ ಪ್ರಶ್ನೆಯನ್ನು ಆಸ್ಪತ್ರೆಯೇ ಕೇಳಿದ್ದರೆ ಎರಡಕ್ಕೂ ಮದ್ದು ಹುಡುಕಬಹುದಿತ್ತು.